ಸೀಟಿನ ಪಕ್ಕದ ಹೊಲಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ತಮ್ಮ ಊರೆಲ್ಲಾ ಸಾರಿಕೊಂಡು ಬಂದಿದ್ದಾನೆ. ಸಾರಲಿ. ಮೂವತ್ತು ವರ್ಷ ಕಾರಿನ ಸೀಟು ಹೊಲಿಯುತ್ತಾ ಕೂತವಳಿಗೆ ಕೋಪ ಬರದೆ ಇನ್ನೇನು ಬರಬೇಕು? ಗಿರಾಕಿಗಳು ಮಾತಾಡುವುದು ಅವನ ಹತ್ತಿರ, ನಗುವುದು ಅವನ ಜೋಕಿಗೆ. ಹಿಂದಿನ ಕೋಣೆಯಲ್ಲಿ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತವಳ ಮುಖವನ್ನು ಯಾರೂ ನೋಡುವುದಿಲ್ಲ. ಆದರೆ ಕೆಲಸ ಮುಗಿದು ಸೀಟಿನ ಮೇಲೆ ಕೂತೊಡನೆ ಅವರ ಬಾಯಿಂದ ಒಂದು "ಆಹಾ" ಹೊರಡುತ್ತದಲ್ಲ, ಅದು ನನ್ನದು. ಅದರಲ್ಲಿ ತಮ್ಮನಿಗೆ ಪಾಲಿಲ್ಲ.

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದಕ್ಕೆ ಶಟರ್; ಕಾರು ಮೂತಿ ಒಳಗಿಟ್ಟರೆ ಹಿಂಭಾಗ ರಸ್ತೆಯಲ್ಲೇ ಉಳಿಯುತ್ತದೆ. ಹಿಂದಿನದರಲ್ಲಿ ನನ್ನ ಯಂತ್ರ, ಉದ್ದನೆಯ ಮೇಜು, ಚಾವಣಿ ಮುಟ್ಟುವಷ್ಟು ಫೋಮ್ ಹಾಳೆಗಳು, ಸದಾ ಅಂಟಿನ ವಾಸನೆ. ಗೋಡೆಯ ಮೊಳೆಗಳಿಗೆ ರಟ್ಟಿನ ಅಚ್ಚುಗಳನ್ನು ನೇತುಹಾಕಿದ್ದೇವೆ, ಒಂದೊಂದು ಮಾದರಿಯ ಕಾರಿಗೆ ಒಂದೊಂದು ಕಟ್ಟು. ಅಚ್ಚು ಇದ್ದರೆ ಅಳತೆ ತೆಗೆಯುವ ಗೋಜಿಲ್ಲ. ರಟ್ಟನ್ನು ರೆಕ್ಸಿನ್ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದರೆ ಆಯಿತು.

ಹೋದ ವರ್ಷ ಮಗಳು ಕಾರು ಕೊಂಡಳು. ಅವಳದು ಮನೆಮನೆಗೆ ಹೋಗಿ ರೋಗಿಗಳಿಗೆ ಫಿಸಿಯೋಥೆರಪಿ ಮಾಡಿಸುವ ಕೆಲಸ. ಪಾರ್ಶ್ವವಾಯು ಆದವರು, ಸೊಂಟ ಹಿಡಿದವರು, ಬಿದ್ದು ಕಾಲು ಮುರಿದುಕೊಂಡವರು. ದಿನಕ್ಕೆ ಆರೇಳು ಮನೆ, ಮನೆಯಿಂದ ಮನೆಗೆ ಅವಳೇ ಡ್ರೈವ್ ಮಾಡಬೇಕು. ಕೈಗೆಟುಕುವ ಬೆಲೆಯ ಪುಟ್ಟ ಕಾರು. ಎಂಜಿನ್ ಚೆನ್ನಾಗಿತ್ತು, ಬಾಗಿಲು ತೆರೆದು ಒಳಗೆ ಕೂತರೆ ಮಾತ್ರ ನನಗೆ ಮೈಯೆಲ್ಲಾ ಉರಿಯಿತು. ಡ್ಯಾಶ್‌ಬೋರ್ಡು ಉಗುರಿನಿಂದ ತಟ್ಟಿದರೆ ಖಾಲಿ ಡಬ್ಬದ ಹಾಗೆ ಸದ್ದು ಮಾಡುತ್ತಿತ್ತು. ಸೀಟಿನಲ್ಲಿ ಫೋಮ್ ಇದೆಯೋ ಇಲ್ಲವೋ ಎಂದು ಹುಡುಕಬೇಕು. ಒಂದು ತಿಂಗಳೊಳಗೆ, ಊರವರ ಸೊಂಟ ಸರಿಮಾಡುವ ಹುಡುಗಿ ತನ್ನ ಸೊಂಟ ಹಿಡಿದುಕೊಂಡು ಮನೆಗೆ ಬರತೊಡಗಿದಳು.

"ಅಮ್ಮನಿಗೆ ಸೀಟಿನ ಅಂಗಡಿ, ಮಗಳಿಗೆ ಹಲಗೆ ಮೇಲೆ ಸವಾರಿ" ಎಂದು ತಮ್ಮ ರೇಗಿಸಿದ. ಮರುದಿನವೇ ಕಾರನ್ನು ಒಳಗೆ ಹಾಕಿಸಿದೆ.

ಆ ಕಾರಿನ ಹಳೆಯ ಮಾದರಿಗೆ ನಾವು ಲೆಕ್ಕವಿಲ್ಲದಷ್ಟು ಸಲ ಕವರ್ ಹೊಲಿದಿದ್ದೆವು. ಹೊಸದರ ದೀಪ ಬದಲಾಗಿತ್ತು, ಬಂಪರ್ ಬದಲಾಗಿತ್ತು, ಸೀಟು ಕಣ್ಣಿಗೆ ಅದೇ. ಹಳೆಯ ಅಚ್ಚನ್ನು ಇಳಿಸಿ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಂಪನಿಯ ಕವರನ್ನು ಬಿಚ್ಚುವಾಗ ಒರಗುವ ಭಾಗದ ಪಕ್ಕದಲ್ಲಿ, ಬಾಗಿಲ ಕಡೆ, ಒಂದು ಗೇಣುದ್ದ ಹೊಲಿಗೆ ತೀರಾ ಸಣ್ಣ ದಾರದಲ್ಲಿ ಇದ್ದದ್ದು ಕಂಡಿತು. ಉಗುರು ತಾಗಿಸಿದರೆ ಎರಡು ಹೊಲಿಗೆ ಪಟಪಟ ಕಿತ್ತು ಬಂತು.

"ನೋಡೋ ಇಲ್ಲಿ" ಎಂದು ತಮ್ಮನನ್ನು ಕರೆದೆ. "ದಾರದಲ್ಲೂ ಜಿಪುಣತನ. ನಾಚಿಕೆ ಇಲ್ದೆ ಇದಕ್ಕೊಂದು ಕಾರು ಅಂತಾರೆ."

"ಬಿಡಕ್ಕ, ಅವರು ಹೀಗೆ ಮಾಡೋದ್ರಿಂದಾನೇ ನಮ್ಮ ಹೊಟ್ಟೆ ತುಂಬ್ತಿರೋದು" ಎಂದು ಅವನು ನಕ್ಕ.

ಆ ಹೊಲಿಗೆಯ ಪಕ್ಕದಲ್ಲೇ ಬೆರಳಗಲದ ಒಂದು ಪಟ್ಟಿ ಇತ್ತು, ಮೇಲೆ ಇಂಗ್ಲಿಷಿನಲ್ಲಿ ಏರ್‌ಬ್ಯಾಗ್ ಎಂದು ಬರೆದಿತ್ತು. ಓದಿದೆ. ಓದಲಿಲ್ಲ ಎಂದು ಸುಳ್ಳು ಹೇಳಲಾರೆ. ಏರ್‌ಬ್ಯಾಗ್ ಇರುವುದು ಸ್ಟಿಯರಿಂಗಿನಲ್ಲಿ, ಡ್ಯಾಶ್‌ಬೋರ್ಡಿನಲ್ಲಿ. ಕಾರಿನಲ್ಲಿ ಅದಿದೆ ಎಂದು ಮೆರೆಯಲು ಸೀಟಿಗೂ ಒಂದು ಜಾಹೀರಾತು ಅಂಟಿಸಿದ್ದಾರೆ ಎಂದುಕೊಂಡೆ. ನನ್ನ ಕವರಿನಲ್ಲಿ ಅಂಥ ಪಟ್ಟಿಗೆ ಜಾಗವಿರಲಿಲ್ಲ.

ದಪ್ಪ ಫೋಮ್ ಹಾಕಿದೆ. ಸೊಂಟದ ಹತ್ತಿರ ಇನ್ನೊಂದು ಪದರ. ಮುಟ್ಟಿದರೆ ಚರ್ಮವೇ ಅನ್ನಿಸುವ ಕಂದು ರೆಕ್ಸಿನ್, ಅಂಚಿಗೆ ತೆಳ್ಳನೆಯ ಪೈಪಿಂಗ್. ಪಕ್ಕದ ಆ ಹೊಲಿಗೆಗೆ ನೈಲಾನ್ ದಾರ, ಅದೂ ಎರಡು ಸಾಲು. ಮಗಳು ಒಳಗೆ ಕೂತು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದಳು. "ಅಮ್ಮಾ, ಇದು ನನ್ನ ಕಾರೇನಾ?" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು, ಅಂಟಿನ ಘಾಟು ಎಂದು ಸುಳ್ಳು ಹೇಳಿದೆ.

ಅವಳ ಕಾರೇ ನಮಗೆ ಜಾಹೀರಾತಾಯಿತು. ಅವಳ ಆಫೀಸಿನ ನಾಲ್ವರ ಹತ್ತಿರವೂ ಅದೇ ಕಾರು, ನಾಲ್ವರೂ ಬಂದರು. ಅವರಲ್ಲಿ ಒಬ್ಬಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಾರೆ. ಅವಳು ಎಲ್ಲಿಗೂ ಸಮಯಕ್ಕೆ ಬಂದದ್ದಿಲ್ಲ, ಬಂದ ಮೇಲೆ ಒಂದು ಕಡೆ ನಿಂತದ್ದೂ ಇಲ್ಲ. ಆರನೆಯದು ಒಬ್ಬ ನಿವೃತ್ತ ಮೇಷ್ಟರ ನೀಲಿ ಕಾರು. ಸೊಂಟನೋವಿಗೆ ಮಗಳ ಹತ್ತಿರ ವ್ಯಾಯಾಮ ಮಾಡಿಸಿಕೊಂಡವರು. ಒಮ್ಮೆ ಅವಳ ಕಾರಿನಲ್ಲಿ ಕೂತು, ನನಗೂ ಇಂಥದ್ದೇ ಬೇಕು ಎಂದು ಹಟ ಹಿಡಿದು ಬಂದಿದ್ದರು. ಆರೂ ಕಾರಿನ ಮುಂದಿನ ಎರಡೆರಡು ಸೀಟು, ಒಂದೇ ಅಚ್ಚು, ಒಂದೇ ಹೊಲಿಗೆ.

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗುಜರಿಯವನು ಬಂದ. ಅಪಘಾತದಲ್ಲಿ ಜಜ್ಜಿಹೋದ ಗಾಡಿಗಳನ್ನು ಕೊಂಡು ಬಿಡಿಭಾಗ ಮಾರುವವನು. ಅವನ ಆಟೊದಲ್ಲಿ ಒಂದು ಸೀಟು ಅಂಗಾತ ಮಲಗಿತ್ತು.

"ಅಕ್ಕ, ಇದು ನಿಮ್ಮ ಕೈಯದೇ ಅಲ್ವಾ? ನೋಡಿದ ಕೂಡ್ಲೆ ಗೊತ್ತಾಯ್ತು. ಬಾಗಿಲು ಒಳಗೆ ನುಗ್ಗಿ ಹಪ್ಪಳ ಆಗಿದೆ, ನಿಮ್ಮ ಹೊಲಿಗೆ ಒಂದು ದಾರಾನೂ ಬಿಟ್ಟಿಲ್ಲ. ರೆಕ್ಸಿನ್ ಹೊಸದ್ರ ಹಾಗೇ ಇದೆ, ಮತ್ತೆ ಬಳಸ್ಕೋಬಹುದು ಅಂತ ತಂದೆ."

ಹೊಗಳಿಕೆ ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಇದನ್ನು ಹೇಳುವಾಗ ಈಗ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ, ಆದರೆ ಆದದ್ದು ಹಾಗೆಯೇ. ಸೀಟನ್ನು ಮೇಜಿನ ಮೇಲೆ ಇಡಿಸಿದೆ. ಆಮೇಲೆ ಅದರ ಆಕಾರ ಕಣ್ಣಿಗೆ ಬಿತ್ತು. ಬಾಗಿಲ ಕಡೆಯ ಪಕ್ಕೆ ಬಾವು ಬಂದ ದವಡೆಯ ಹಾಗೆ ಊದಿಕೊಂಡಿತ್ತು. ಊದಿದ್ದು ಬಾಗಿಲ ಕಡೆಗಲ್ಲ, ಕೂತವರ ಪಕ್ಕೆಲುಬಿನ ಕಡೆಗೆ. ಒತ್ತಿ ನೋಡಿದೆ, ಒಳಗೆ ಗಟ್ಟಿಯಾಗಿ ಏನೋ ಮುದುಡಿಕೊಂಡಿತ್ತು.

ಬ್ಲೇಡ್ ತಂದು ಕೊಯ್ದೆ. ಫೋಮ್ ಚಿಂದಿಯಾಗಿತ್ತು, ಅದರ ನಡುವೆ ಬಿಳಿ ಬಟ್ಟೆಯ ಒಂದು ಚೀಲ ಗಂಟುಗಂಟಾಗಿ ಸಿಕ್ಕಿಕೊಂಡಿತ್ತು. ಸುಟ್ಟ ಪುಡಿಯ ವಾಸನೆ ಬಂತು. ಢಿಕ್ಕಿಯಾದ ಕ್ಷಣದಲ್ಲಿ ಗಾಳಿ ತುಂಬಿ ಉಬ್ಬಿ, ಕೂತವರಿಗೂ ಬಾಗಿಲಿಗೂ ನಡುವೆ ದಿಂಬಿನ ಹಾಗೆ ನಿಲ್ಲಬೇಕಾದ ಚೀಲ. ಅದು ಹೊರಗೆ ಬರಲು ಇದ್ದದ್ದು ಆ ಗೇಣುದ್ದದ ದಾರಿ ಒಂದೇ. ಕಂಪನಿಯವರು ಅಲ್ಲಿ ಸಣ್ಣ ದಾರ ಹಾಕಿದ್ದು ಜಿಪುಣತನಕ್ಕಲ್ಲ, ಅದು ಕಿತ್ತುಹೋಗಲಿ ಎಂದೇ. ನಾನು ಅದನ್ನು ನೈಲಾನಿನಲ್ಲಿ ಎರಡು ಸಾಲು ಹೊಲಿದು ಮುಚ್ಚಿದ್ದೆ.

"ಗಾಡಿ ಯಾವ ಬಣ್ಣ?" ಎಂದು ಕೇಳಿದೆ.

"ನೀಲಿ."

"ಒಳಗಿದ್ದವರು?"

"ಯಾರೋ ವಯಸ್ಸಾದವರಂತೆ. ಏನಾಯ್ತೋ ಗೊತ್ತಿಲ್ಲ ಅಕ್ಕ. ನಮ್ಮ ಹತ್ರ ಗಾಡಿ ಬರತ್ತೆ, ಜನ ಬರಲ್ಲ."

ಅವನು ಹೋದ ಮೇಲೆ ಮಗಳಿಗೆ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ. ರೋಗಿಯ ಮನೆಯಲ್ಲಿ ಇದ್ದಾಗಲೂ ಎತ್ತುವುದಿಲ್ಲ. ಹನ್ನೆರಡು ಸಲ ಮಾಡಿದೆ. ತಮ್ಮ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ, ಮೊದಲ ಸಲ ಅವನ ಬಾಯಲ್ಲಿ ಜೋಕು ಬರಲಿಲ್ಲ. ಎದ್ದು ಹೋಗಿ ಶಟರನ್ನು ಅರ್ಧ ಇಳಿಸಿದ.

"ಅಕ್ಕ, ಇದನ್ನ ಯಾರಿಗೂ ಹೇಳೋದು ಬೇಡ."

"ಹೇಳದೆ? ಇನ್ನೂ ಐದು ಗಾಡಿ ರಸ್ತೇಲಿ ಓಡಾಡ್ತಿವೆ ಕಣೋ!"

"ಎಲ್ಲರನ್ನೂ ಕರೆಸೋಣ. ರೆಕ್ಸಿನ್ ಸರಿಯಿಲ್ಲ, ಬಿರುಕು ಬಿಡತ್ತೆ, ಬಂದು ಪುಕ್ಕಟೆ ಬದಲಾಯಿಸ್ಕೊಂಡು ಹೋಗಿ ಅಂತ ಹೇಳೋಣ. ಬಿಚ್ಚಿಟ್ಟ ಕಂಪನಿ ಕವರು ಮೂಟೇಲೇ ಇವೆ, ಒರಗೋ ಭಾಗಕ್ಕೆ ಅದನ್ನೇ ತೊಡಿಸಿ ಕಳಿಸಿದ್ರಾಯ್ತು. ಕೆಲಸಾನೂ ಆಗತ್ತೆ, ಮರ್ಯಾದೆನೂ ಉಳಿಯತ್ತೆ. ನಿಜ ಹೇಳಿದ್ರೆ ನಾಳೆಯಿಂದ ಈ ಶಟರ್ ಎತ್ತೋ ಹಾಗಿಲ್ಲ. ನಿನ್ನ ಮಗಳು ಆಫೀಸಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ."

ಕೊನೆಯ ಮಾತು ನನಗೆ ನಾಟಿತು. ಅದು ನಾಟುತ್ತದೆ ಎಂದು ಅವನಿಗೆ ಗೊತ್ತಿತ್ತು.

ಐದೂವರೆಗೆ ಮಗಳು ಬಂದಳು. ರಸ್ತೆಯಲ್ಲಿ ಅವಳ ಕಾರಿನ ಮೂತಿ ಕಂಡಾಗ ಫೋಮ್ ಹಾಳೆಯ ಮೇಲೆ ಕೂತುಬಿಟ್ಟೆ. "ಅಷ್ಟೊಂದು ಸಲ ಫೋನ್ ಮಾಡಿದ್ಯಲ್ಲ, ಏನಮ್ಮ, ಮನೆಗೆ ಬೆಂಕಿ ಬಿತ್ತಾ?" ಎಂದಳು. ರೆಕ್ಸಿನ್ ಸರಿಯಿಲ್ಲ ಎಂದೆ. ಅವಳು ನಗುತ್ತಾ ಕೀ ಎಸೆದು ಮುಖ ತೊಳೆಯಲು ಹೋದಳು. ಅವಳು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಾನು ಎರಡೂ ಸೀಟಿನ ಬೆನ್ನಿನ ಕವರನ್ನು ಕೊಯ್ದು ಕಿತ್ತುಹಾಕಿದ್ದೆ. ಬ್ಲೇಡ್ ಜಾರಿ ಹೆಬ್ಬೆರಳು ಸೀಳಿತು. ನೋವಾದದ್ದೇ ಗೊತ್ತಾಗಲಿಲ್ಲ.

ಆ ರಾತ್ರಿ ನನಗೆ ಗಾಢ ನಿದ್ದೆ ಬಂತು. ನನ್ನ ಮೇಲೆ ನನಗೆ ಅಸಹ್ಯವಾಗುವುದು ಆ ನಿದ್ದೆಯನ್ನು ನೆನೆದಾಗ. ಬೆಳಗ್ಗೆ ನಾಲ್ಕು ಕಾರುಗಳ ವಿಷಯ ಎದೆಯ ಮೇಲೆ ಭಾರವಾಗಿರಬೇಕಿತ್ತು. ಇತ್ತು, ಆದರೆ ಮಂಗಳವಾರದ ಭಾರವಾಗಿರಲಿಲ್ಲ. ನನ್ನ ಮಗಳು ಆ ಸೀಟಿನಿಂದ ಇಳಿದಾಗಿತ್ತು.

ಮೂವರು ಆ ವಾರದಲ್ಲೇ ಬಂದರು. "ನಮ್ಮದು ಚೆನ್ನಾಗೇ ಇತ್ತಲ್ಲ ಆಂಟಿ" ಎಂದು ಬೇಸರ ಮಾಡಿಕೊಂಡರು. ಒಬ್ಬೊಬ್ಬರ ಕವರು ಬಿಚ್ಚುವಾಗಲೂ ಆ ಪಕ್ಕದ ಹೊಲಿಗೆಯನ್ನು ಕೈಯಲ್ಲಿ ಜಗ್ಗಿ ನೋಡುತ್ತಿದ್ದೆ. ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಬಿಚ್ಚಿದ ರೆಕ್ಸಿನ್ನನ್ನೆಲ್ಲಾ ಮೂಟೆ ಕಟ್ಟಿ, ಯಾರಿಗೂ ಕಾಣದ ಹಾಗೆ ಮೇಜಿನ ಕೆಳಗೆ ತುರುಕಿದೆ.

ಗಡಿಬಿಡಿ ಬರಲಿಲ್ಲ. ನಾನೇ ಫೋನ್ ಮಾಡಿದೆ.

"ಆಂಟಿ, ನನ್ನದು ಬಿರುಕು ಬಿಟ್ಟೇ ಇಲ್ಲ! ಬಿಟ್ಟಾಗ ಓಡಿ ಬರ್ತೀನಿ."

"ಹಾಗಲ್ಲಮ್ಮ, ಮುಂಚೇನೇ ಮಾಡಿಸ್ಕೊಂಡ್ರೆ ಒಳ್ಳೇದು."

"ಈ ವಾರ ಅಮ್ಮನ್ನ ಊರಿಗೆ ಬಿಟ್ಟು ಬರಬೇಕು. ಬಂದಮೇಲೆ ಬರ್ಲಾ?"

ಆಗಲೇ ಹೇಳಬಹುದಿತ್ತು. ಆಚೆ ತಮ್ಮ ಗಿರಾಕಿಯೊಬ್ಬರ ಜೊತೆ ನಗುತ್ತಿದ್ದ, ಶಟರ್ ಪೂರ್ತಿ ಮೇಲಿತ್ತು, ಬಾಗಿಲಲ್ಲಿ ಇನ್ನೊಂದು ಕಾರು ಕಾಯುತ್ತಿತ್ತು. "ಸರಿ, ಹುಷಾರಾಗಿ ಹೋಗಿ ಬಾ" ಎಂದು ಫೋನ್ ಇಟ್ಟೆ.

ಒಂದು ದಿನ ಊಟಕ್ಕೆ ಕೂತಾಗ ಮಗಳು, "ಮೇಷ್ಟ್ರು ಫೋನೇ ತೆಗೀತಿಲ್ಲ ಕಣಮ್ಮ. ವ್ಯಾಯಾಮ ಮುಂದುವರಿಸಿದಾರಾ ಇಲ್ವಾ ಅಂತ ಕೇಳೋಣ ಅಂದ್ಕೊಂಡೆ" ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ. ಸಾಕು ಸಾಕು ಎಂದು ಅವಳು ಕೈ ಅಡ್ಡ ಹಿಡಿದಳು, ಅನ್ನ ಅವಳ ಕೈಮೇಲೇ ಬಿತ್ತು.

ಮೇಷ್ಟರ ಮನೆ ನನಗೆ ಗೊತ್ತಿತ್ತು. ಎರಡು ಬಸ್ ಸ್ಟಾಪಿನ ದೂರ. ಒಂದು ಸಲ ಆ ಬೀದಿಯ ತಿರುವಿನವರೆಗೂ ಹೋದೆ. ಅಲ್ಲಿಂದ ಅವರ ಗೇಟು ಕಾಣುತ್ತಿತ್ತು, ಗೇಟಿನೊಳಗೆ ಕಾರು ನಿಲ್ಲಿಸುವ ಜಾಗ ಖಾಲಿ ಇತ್ತು. ಮುಂದೆ ಹೆಜ್ಜೆ ಬರಲಿಲ್ಲ. ಬಸ್ಸಿಗೂ ಕಾಯದೆ ನಡೆದುಕೊಂಡೇ ವಾಪಸ್ ಬಂದೆ.

ಗುಜರಿಯವನು ಬಂದು ಹದಿನೇಳು ದಿನವಾಗಿತ್ತು, ಶುಕ್ರವಾರ. ಮಧ್ಯಾಹ್ನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಮಗಳ ಮೆಸೇಜ್ ಬಂತು. "ನನ್ನ ಗಾಡಿ ಪಂಕ್ಚರ್. ಗಡಿಬಿಡಿ ಜೊತೆ ಹೋಗ್ತಿದೀನಿ. ಸಂಜೆ ಲೇಟು."

ಅದನ್ನು ಮೂರು ಸಲ ಓದಿದೆ. ಎಣ್ಣೆಯ ಡಬ್ಬಿ ಯಾವಾಗ ಉರುಳಿತೋ ತಿಳಿಯದು, ಮೇಜಿನ ಮೇಲೆ ಹಾಸಿದ್ದ ರೆಕ್ಸಿನ್ನೆಲ್ಲಾ ಎಣ್ಣೆಯಾಯಿತು. ಫೋನ್ ಮಾಡಿದೆ. ಅವಳು ಓಡಿಸುತ್ತಿರಲಿಲ್ಲವಲ್ಲ, ಮೊದಲ ರಿಂಗಿಗೇ ಎತ್ತಿದಳು.

"ಏನಮ್ಮ?"

ಹಿಂದಿನಿಂದ ಗಡಿಬಿಡಿಯ ದನಿ. "ಆಂಟೀನಾ? ಸ್ಪೀಕರ್‌ಗೆ ಹಾಕೇ! ಆಂಟಿ, ನನ್ನ ಸೀಟು ಇನ್ನೂ ಬಿರುಕು ಬಿಟ್ಟಿಲ್ಲ, ಬೇಕಾದ್ರೆ ನಿಮ್ಮ ಮಗಳನ್ನೇ ಕೇಳಿ. ಒರಗ್ಕೊಂಡು ಕಾಲು ಚಾಚಿ ಕೂತಿದಾಳೆ."

ರಸ್ತೆಯ ಸದ್ದು ಕೇಳುತ್ತಿತ್ತು. ಒಂದು ದೊಡ್ಡ ಗಾಡಿ ಹಾರ್ನ್ ಹೊಡೆಯುತ್ತಾ ಅವರ ಪಕ್ಕದಲ್ಲೇ ಹಾದುಹೋಯಿತು.

"ಗಾಡಿ ನಿಲ್ಲಿಸಿ" ಎಂದೆ.

"ಏನಮ್ಮ?"

"ಪಕ್ಕಕ್ಕೆ ಹಾಕಿ ನಿಲ್ಲಿಸ್ರೇ! ಈಗಲೇ! ಇಳೀರಿ ಇಬ್ಬರೂ!"

ನಾನು ಹಾಗೆ ಕಿರುಚಿದ್ದು ಕೇಳಿ ತಮ್ಮ ಒಳಗೆ ಓಡಿ ಬಂದ. ವಿಷಯ ಅವನಿಗೆ ತಕ್ಷಣ ತಿಳಿಯಿತು, ಬೇಡ ಬೇಡ ಎಂದು ಎರಡೂ ಕೈ ಆಡಿಸಿದ. ನಾನು ಅವನಿಗೆ ಬೆನ್ನು ತಿರುಗಿಸಿದೆ. ಫೋನಿನಲ್ಲಿ ಇಂಡಿಕೇಟರಿನ ಟಿಕ್ ಟಿಕ್, ಚಕ್ರದಡಿ ಜಲ್ಲಿಕಲ್ಲಿನ ಸದ್ದು. ಎಂಜಿನ್ ನಿಂತಿತು.

"ನಿಲ್ಲಿಸಿದೀವಿ. ಯಾರಿಗೇನಾಯ್ತಮ್ಮ?"

ಹೇಳಿದೆ. ಪಕ್ಕದ ಹೊಲಿಗೆ, ಸಣ್ಣ ದಾರ, ಒಳಗಿನ ಚೀಲ, ಗುಜರಿಯವನು ತಂದ ಸೀಟು, ಅದು ಊದಿದ್ದ ಬಗೆ. ಒಂದರ ಮೇಲೊಂದು ಬಡಬಡನೆ ಹೇಳಿದೆ.

"ನಮ್ಮ ಕಾರಿಂದು ಅವತ್ತು ಸಂಜೆ ಬಿಚ್ಚಿದ್ಯಲ್ಲ, ಕಾಫಿ ಕುಡಿಯೋ ಹೊತ್ತಲ್ಲಿ. ಬೆರಳು ಕೊಯ್ಕೊಂಡು" ಎಂದಳು ಮಗಳು. "ಅವತ್ತೇ ಗೊತ್ತಿತ್ತಾ?"

"ಹೂಂ."

"ಎಷ್ಟು ದಿನ ಆಯ್ತು?"

"ಹದಿನೇಳು."

ಗಡಿಬಿಡಿ ಮಾತಾಡಿದಳು. ಅವಳು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಆಂಟಿ, ನಾನು ಅಮ್ಮನ್ನ ಈ ಸೀಟಲ್ಲೇ ಕೂರಿಸ್ಕೊಂಡು ಹೋದೆ. ಐದು ಗಂಟೆ ದಾರಿ. ನಿಮಗೆ ಹೇಳಿನೇ ಹೋಗಿದ್ದೆ."

ತಪ್ಪಾಯ್ತಮ್ಮ ಎಂದೆ. ಆ ಮಾತು ನನ್ನ ಕಿವಿಗೇ ಸಾಲದೆ ಹೋಯಿತು.

"ಆ ಊದಿದ್ದ ಸೀಟು ಯಾರದ್ದು?" ಮಗಳು ಕೇಳಿದಳು.

ನಾನು ಎಣ್ಣೆಯಾದ ರೆಕ್ಸಿನ್ನನ್ನು ಚಿಂದಿಯಿಂದ ಒರೆಸತೊಡಗಿದೆ.

"ಅಮ್ಮ, ಮೇಷ್ಟ್ರದ್ದಾ?"

"ಹೂಂ."

"ಇದಾರಾ ಅವರು?"

"ಗೊತ್ತಿಲ್ಲ ಕಣೇ. ನಾನು ಹೋಗಿ ಕೇಳಲಿಲ್ಲ."

ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವಳು ಮಾತಾಡಿದ್ದು ರೋಗಿಗಳ ಮನೆಯವರ ಜೊತೆ ಮಾತಾಡುವ ದನಿಯಲ್ಲಿ, ನನ್ನ ಹತ್ತಿರ ಎಂದೂ ಬಳಸದ ದನಿಯಲ್ಲಿ. "ಸರಿ. ಫೋನ್ ಇಡ್ತೀನಿ. ನಾನೀಗ ಮೇಷ್ಟ್ರ ಮನೆಗೆ ಹೋಗಬೇಕು."

"ಯಾವ ಗಾಡೀಲಿ ಹೋಗ್ತೀಯೇ? ಅದ್ರಲ್ಲಿ ಮಾತ್ರ ಕೂರಬೇಡ ಕಣೇ!" ಎಂದೆ.

ಮೇಷ್ಟರ ಮನೆಗೆ ನಾನೂ ಬರುತ್ತೇನೆ ಎನ್ನಬೇಕಿತ್ತು, ಆ ಇನ್ನೊಬ್ಬ ಹುಡುಗಿ ಹೇಗೆ ಮನೆ ಸೇರುತ್ತಾಳೆ ಎಂದು ಕೇಳಬೇಕಿತ್ತು. ಇಷ್ಟೆಲ್ಲಾ ಆದ ಮೇಲೂ ನನ್ನ ಬಾಯಿಂದ ಬಂದದ್ದು ಅದೊಂದೇ. ಅವರಿಬ್ಬರಿಗೂ ಅದು ಕೇಳಿಸಿತು.

ಕಾರಿನ ಒಂದು ಬಾಗಿಲು ಮುಚ್ಚಿದ ಸದ್ದು ಬಂತು, ತುಸು ತಡೆದು ಇನ್ನೊಂದು. ಆಮೇಲೆ ಜಲ್ಲಿಯ ಮೇಲೆ ಇಬ್ಬರು ನಡೆದು ಹೋಗುವುದು ಸ್ವಲ್ಪ ಹೊತ್ತು ಕೇಳುತ್ತಿತ್ತು, ಫೋನ್ ಕಟ್ಟಾಯಿತು.